ಕೆರೆಯ ಮೇಲಣ ನೆಲ

ಬೆಂಗಳೂರಿಗೆ ಉತ್ತರದಲ್ಲಿ, ನಂದಿಬೆಟ್ಟದ ಸಾಲು ತನ್ನ ಇಳಿಜಾರುಗಳನ್ನು ಪಡುವಣಕ್ಕೂ ತೆಂಕಣಕ್ಕೂ ಚಾಚಿರುವ ಕಡೆಯಲ್ಲಿ, ಮಳೆಗಾಲದ ನೀರು ಹಳ್ಳವಾಗಿ ಹರಿದು ಒಂದು ಕೆರೆಯನ್ನು ಸೇರಿ, ಆ ಕೆರೆಯ ಕೋಡಿ ಬಿದ್ದು ಮತ್ತೊಂದು ಕೆರೆಗೆ ಇಳಿದು, ಹೀಗೆ ಊರಿಂದ ಊರಿಗೆ ದಾಟುತ್ತ ದಾಟುತ್ತ ಅರ್ಕಾವತಿ ಎಂಬ ಹೆಸರನ್ನು ಪಡೆಯುತ್ತದೆ. ವರ್ಷವೆಲ್ಲ ತುಂಬಿ ಹರಿಯುವ ಮಲೆನಾಡಿನ ನದಿಗಳನ್ನು ಕಂಡವರಿಗೆ ಇದು ನದಿಯೆಂದೇ ತೋರದಿರಬಹುದು. ಆದರೆ ದೊಡ್ಡಬಳ್ಳಾಪುರ ಸೀಮೆಯ ಗದ್ದೆತೋಟಗಳನ್ನು ಶತಮಾನಗಳ ಕಾಲ ಪೋಷಿಸಿದ್ದೂ, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆಯ ಫಲವಾಗಿ ಹೆಸರಘಟ್ಟದ ಕೆರೆಯಿಂದ ಬೆಂಗಳೂರಿಗೆ ಕೊಳಾಯಿಯ ನೀರನ್ನು ಒದಗಿಸಿದ್ದೂ, ಅದು ಸಾಲದಾದಾಗ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಲ್ಲಿ ಕುಮುದ್ವತಿಯೊಡನೆ ಕೂಡಿ ಮತ್ತೆ ಅದೇ ನಗರದ ಬಾಯಾರಿಕೆಯನ್ನು ತಣಿಸಿದ್ದೂ ಈ ಬಡನದಿಯೇ. ಈ ನದಿಯ ತಲೆಯ ಕಡೆಯ ಒಂದು ಊರಿನ ಪ್ರೌಢಶಾಲೆಯಲ್ಲಿ ವಿಜ್ಞಾನದ ಉಪಾಧ್ಯಾಯನಾಗಿ ನನ್ನ ಆಯುಷ್ಯದ ಬಹುಭಾಗವು ಕಳೆಯಿತು. ಅಲ್ಲಿಯ ಮಕ್ಕಳೊಡನೆ ಕೆರೆಕಾಲುವೆಗಳ ಜಾಡಿನಲ್ಲಿ ನಡೆದ ವರ್ಷಗಳನ್ನು ಕುರಿತು ಬರೆಯಬೇಕೆಂಬ ಆಸೆ ಬಹುಕಾಲದಿಂದ ಮನಸ್ಸಿನಲ್ಲಿತ್ತು.

ನಮ್ಮೂರಿನ ಕೆರೆ ದೊಡ್ಡದಲ್ಲ. ಹೊಂಗೆ ಹುಣಸೆಗಳ ನೆರಳಿನ ಏರಿ, ಕಲ್ಲಿನ ತೂಬು, ಬಂಡೆಯನ್ನು ಕಡಿದು ಮಾಡಿದ ಕೋಡಿ, ಕೆಳಗೆ ಅಚ್ಚುಕಟ್ಟಿನ ಗದ್ದೆಗಳು, ಪಕ್ಕದಲ್ಲಿ ದನಗಳಿಗೊಂದು ಗೋಕಟ್ಟೆ, ಊರಿಗೊಂದು ಗುಂಡುತೋಪು: ಬಯಲುಸೀಮೆಯ ಸಾವಿರಾರು ಗ್ರಾಮಗಳಲ್ಲಿ ಕಾಣುವ ವ್ಯವಸ್ಥೆಯೇ ಇಲ್ಲಿಯೂ ಇದ್ದಿತು. ಈ ವ್ಯವಸ್ಥೆಯ ಹಿಂದೆ ಇದ್ದ ವಿವೇಕವನ್ನು ತಿಳಿಯಬೇಕಾದರೆ ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳನ್ನು ತಿರುವಬೇಕು. ಕೆರೆಯನ್ನು ಕಟ್ಟಿದವನಿಗೆ ಕೊಟ್ಟ ಭೂಮಿ, ಏರಿಯನ್ನು ಕಾಪಾಡುವವನಿಗೆ ಬಿಟ್ಟ ಗದ್ದೆ, ಹೂಳು ಹೊರುವ ಬಂಡಿಗೂ ಅದನ್ನೆಳೆಯುವ ಕೋಣಗಳಿಗೂ ಏರ್ಪಡಿಸಿದ ದತ್ತಿ, ಇವೆಲ್ಲ ಕಲ್ಲಿನ ಮೇಲೆ ಅಕ್ಷರರೂಪದಲ್ಲಿ ನಿಂತಿವೆ. ಕೆರೆಯನ್ನು ಕಟ್ಟುವುದು ಪುಣ್ಯಕಾರ್ಯವೆಂದು ಎಲ್ಲ ದೇಶದವರೂ ಹೇಳಿಯಾರು. ಕಟ್ಟಿದ ಕೆರೆಗೆ ವರ್ಷವರ್ಷವೂ ಹೂಳು ಬರುತ್ತದೆ, ಅದನ್ನು ತೆಗೆಯುವವನ ಅನ್ನಕ್ಕೆ ಶಾಶ್ವತವಾದ ವ್ಯವಸ್ಥೆಯಾಗಬೇಕು ಎಂದು ಯೋಚಿಸಿದ ನಮ್ಮ ಹಿರಿಯರ ದೂರದೃಷ್ಟಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ.

ನಾನು ಆ ಊರಿಗೆ ಬಂದ ಕಾಲಕ್ಕೆ ದತ್ತಿಗಳು ಹೋಗಿದ್ದವು, ಬಂಡಿಗಳೂ ಹೋಗಿದ್ದವು. ಮನೆಮನೆಗೆ ನಲ್ಲಿ ಬಂದಿತ್ತು, ತೋಟಕ್ಕೆ ಕೊಳವೆಬಾವಿ ಬಂದಿತ್ತು. ನಿತ್ಯ ಕೆರೆಯ ಬಳಿಗೆ ಹೋಗಬೇಕಾದ ಅಗತ್ಯ ಅಗಸರಿಗೂ ದನ ಕಾಯುವ ಹುಡುಗರಿಗೂ ಮಾತ್ರ ಉಳಿದಿತ್ತು. ಸೇವಾದಳದ ಹೊಣೆ ನನ್ನ ಮೇಲಿದ್ದುದರಿಂದ, ಬೇಸಗೆ ಮುಗಿಯುವ ಮುನ್ನ ಕೆರೆಯಂಗಳವನ್ನು ಶುಚಿಮಾಡುವ ಶ್ರಮದಾನವನ್ನು ಹಮ್ಮಿಕೊಂಡೆವು. ಭಾನುವಾರ ಬೆಳಗಿನ ತಂಪಿನಲ್ಲಿ ಮಕ್ಕಳು ಮನೆಯಿಂದ ಗುದ್ದಲಿ, ಸಲಿಕೆ, ಮಂಕರಿಗಳನ್ನು ಹೊತ್ತು ಬಂದರು. ಹೆಣ್ಣುಮಕ್ಕಳನ್ನು ಕಳುಹಿಸಲು ಮೊದಲು ಹಿಂದೆಗೆದ ತಾಯಂದಿರು, ತಾವೇ ಬೆನ್ನ ಹಿಂದೆ ಬಂದು ನೋಡಿ, ಎರಡನೆಯ ವಾರದಿಂದ ತಾವೂ ಸೆರಗು ಕಟ್ಟಿ ಇಳಿದರು. ಒಬ್ಬರು ಪಾನಕ ತಂದರು, ಒಬ್ಬರು ಅವಲಕ್ಕಿ ತಂದರು. ಜಗಳವಾಡಿಕೊಂಡು ಒಬ್ಬರೊಬ್ಬರ ಮುಖ ನೋಡದಿದ್ದ ಎರಡು ಮನೆಯ ಗಂಡಸರು ಒಂದೇ ಮಂಕರಿಯ ಎರಡು ಕಿವಿಗಳನ್ನು ಹಿಡಿದು ಏರಿ ಹತ್ತಿದುದನ್ನು ನಾನು ಕಣ್ಣಾರೆ ಕಂಡೆ.

ಆ ಅಂಗಳದಲ್ಲಿ ಸಿಕ್ಕ ವಸ್ತುಗಳ ಕಥೆಯೇ ಬೇರೆ. ಮೊದಮೊದಲ ವರ್ಷಗಳಲ್ಲಿ ಒಡೆದ ಗಡಿಗೆ, ಹರಿದ ಚಾಪೆ, ಮುಳ್ಳಿನ ಹೊರೆ, ಪೂಜೆಗೆ ಏರಿಸಿದ ಹೂವು, ಹಳೆಯ ದೇವರಪಟದ ಗಾಜು, ಇಂಥವೇ ಹೆಚ್ಚು. ವರ್ಷಗಳು ಉರುಳಿದಂತೆ ಮಂಕರಿಯ ತೂಕ ಕಡಿಮೆಯಾಯಿತು, ಗಾತ್ರ ಹೆಚ್ಚಿತು. ಪ್ಲಾಸ್ಟಿಕ್ ಚೀಲ, ಗುಟ್ಕಾ ಪೊಟ್ಟಣ, ಹಾಲಿನ ಕವರು, ಕ್ರಿಮಿನಾಶಕದ ಡಬ್ಬಿ, ಮದುವೆಯೂಟದ ಲೋಟ ತಟ್ಟೆಗಳು ಮಣ್ಣಿನಲ್ಲಿ ಪದರಪದರವಾಗಿ ಹೂತು ಬರತೊಡಗಿದವು. ಎಂಟನೆಯ ತರಗತಿಯ ಮಕ್ಕಳು ಅಂಗಳದ ಅಂಚನ್ನು ಅಗೆದಾಗ ಮೇಲಿಂದ ಕೆಳಕ್ಕೆ ಕಾಣುತ್ತಿದ್ದ ಈ ಪದರಗಳನ್ನು ತೋರಿಸಿ, ಪುರಾತತ್ತ್ವಜ್ಞರು ನೆಲವನ್ನು ಓದುವ ರೀತಿಯನ್ನು ನಾನು ವಿವರಿಸಿದ್ದುಂಟು. ತಾವು ಹುಟ್ಟಿದ ವರ್ಷಗಳಿಗಿಂತ ಈಚಿನ ಮಣ್ಣಿನಲ್ಲಿಯೇ ಕಸವೆಲ್ಲ ಇದೆಯೆಂಬುದನ್ನು ಕಂಡು ಮಕ್ಕಳು ಮೌನವಾದರು. ಆ ಪದರಗಳು ಕಲಿಸಿದ್ದನ್ನು ನಾನು ತರಗತಿಯಲ್ಲಿ ವರ್ಷವೆಲ್ಲ ಮಾತನಾಡಿದರೂ ಕಲಿಸಲಾರದೆ ಹೋಗುತ್ತಿದ್ದೆ.

ಶುಚಿಮಾಡುವ ಉತ್ಸಾಹಕ್ಕೆ ಒಂದು ಮಿತಿ ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೆರೆಯನ್ನು ಬೋಳು ಬಟ್ಟಲಾಗಿ ಮಾಡುವುದು ಶುಚಿತ್ವವಲ್ಲ. ಜೊಂಡು ಬೆಳೆದ ಮೂಲೆಯಲ್ಲಿ ನೀರುಕೋಳಿಯ ಗೂಡಿರುತ್ತದೆ, ಮೀನಿನ ಮರಿಗೆ ಆಶ್ರಯವಿರುತ್ತದೆ. ಹರಿದು ಬಂದ ನೀರು ಅಲ್ಲಿ ತನ್ನ ವೇಗವನ್ನು ಕಳೆದುಕೊಂಡು ಹೊತ್ತುತಂದ ಮಣ್ಣನ್ನು ಇಳಿಸುತ್ತದೆ. ಆದ್ದರಿಂದ ಅಂಗಳದ ಮೇಲ್ದಿಕ್ಕಿನ ಜೊಂಡನ್ನು ಮುಟ್ಟಕೂಡದೆಂದು ನಾವು ನಿಯಮ ಮಾಡಿಕೊಂಡೆವು. ನೀರಿನ ಮೇಲೆ ಹಬ್ಬಿ ಬೆಳಕನ್ನು ತಡೆಯುವ ತೇಲುಕಳೆಯನ್ನು ತೆಗೆದೆವು, ಸೀಮೆಜಾಲಿಯನ್ನು ಬೇರುಸಹಿತ ಕಿತ್ತೆವು. ಏರಿಯ ಮೇಲಿನ ಹುಲ್ಲನ್ನು ಹಾಗೆಯೇ ಬಿಟ್ಟೆವು, ಏಕೆಂದರೆ ಆ ಹುಲ್ಲಿನ ಬೇರೇ ಏರಿಯ ಮಣ್ಣನ್ನು ಹಿಡಿದು ನಿಲ್ಲಿಸುತ್ತದೆ. ಈಚಿನ ದಿನಗಳಲ್ಲಿ ಕೆರೆಯ ಸುತ್ತ ಕಲ್ಲು ಸಿಮೆಂಟಿನ ಗೋಡೆ ಎಬ್ಬಿಸಿ, ನಡೆಯುವ ದಾರಿ ಮಾಡಿ, ದೀಪ ಹಾಕಿ, ಅದನ್ನೇ ಅಭಿವೃದ್ಧಿಯೆಂದು ಕರೆಯುವುದನ್ನು ನೋಡಿದಾಗ ನನಗೆ ವ್ಯಥೆಯಾಗುತ್ತದೆ. ನೀರಿಗೂ ನೆಲಕ್ಕೂ ನಡುವಣ ಆ ತೇವದ ಅಂಚಿನಲ್ಲಿಯೇ ಕೆರೆಯ ಜೀವರಾಶಿಯ ಬಹುಪಾಲು ಬದುಕುತ್ತದೆ.

ಒಂದು ವರ್ಷ ಶ್ರಮದಾನ ಮುಗಿದ ಮೇಲೆ ಮುಂಗಾರಿನಲ್ಲಿ ಎರಡು ದೊಡ್ಡ ಮಳೆಗಳಾದವು. ಮಕ್ಕಳು ಓಡಿ ಹೋಗಿ ನೋಡಿದಾಗ ಅಂಗಳಕ್ಕೆ ಕೆಂಪುನೀರು ಬಂದಿತ್ತು. ಅದರೊಡನೆ ಕಸವೂ ಬಂದಿತ್ತು. ಅದೇ ವೇಳೆಗೆ ಏರಿಯ ಮೇಲೆ ನಮ್ಮೂರಿನ ವೃದ್ಧ ನೀರುಗಂಟಿ ಕುಳಿತಿದ್ದ. ಆಯಗಾರರ ಪಂಕ್ತಿಯಲ್ಲಿ ನೀರುಗಂಟಿಗೂ ಸ್ಥಾನವಿದ್ದ ಕಾಲದಲ್ಲಿ ಅವನ ತಂದೆ ತಾತಂದಿರು ತೂಬನ್ನೆತ್ತಿ, ಮೇಲ್ಗದ್ದೆಗೂ ಕೆಳಗದ್ದೆಗೂ ನ್ಯಾಯವಾಗಿ ನೀರು ಹಂಚಿ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಪಾಲಿನ ಧಾನ್ಯವನ್ನು ಪಡೆದವರು. ಕಣದ ಪಾಲು ನಿಂತ ಮೇಲೂ ಅವನು ಕೆರೆಯ ಮೇಲಣ ಕಣ್ಣನ್ನು ತೆಗೆದಿರಲಿಲ್ಲ. ಮಕ್ಕಳ ಪೆಚ್ಚುಮೋರೆಯನ್ನು ನೋಡಿ ಅವನು ಮೃದುವಾಗಿ ಹೇಳಿದ:

“ಸೋರೋ ಮನೇಲಿ ಬರೀ ನೆಲ ವರುಸ್ತಾ ಕುಂತ್ರೆ ಆಯ್ತದಾ ಮೇಷ್ಟ್ರೇ? ಸೂರು ಎಲ್ಲಿ ತೂತಾಗೈತೆ ಅಂತ ಮ್ಯಾಲ್ಗಡೆ ಹೋಗಿ ನೋಡಬ್ಯಾಡ್ವಾ? ಮಕ್ಳನ್ನ ಕರ್ಕೊಂಡು ಬನ್ನಿ, ನಾನು ತೋರುಸ್ತೀನಿ.”

ನಮ್ಮ ನಿಜವಾದ ಪಾಠ ಆರಂಭವಾದದ್ದು ಅಂದಿನಿಂದ. ಮಳೆ ಬಿಟ್ಟ ಒಂದು ರಜೆಯ ದಿನ ನೀರುಗಂಟಿ ಮುಂದೆ, ಮಕ್ಕಳು ಹಿಂದೆ, ಕೆರೆಗೆ ನೀರು ತರುವ ಕಾಲುವೆಗಳನ್ನು ಹಿಡಿದು ಮೇಲಕ್ಕೆ ನಡೆದೆವು. ಊರಿನ ಕೇರಿಗಳ ಭೇದ ಶಾಲೆಯ ಮಕ್ಕಳ ಊಟದ ಪಂಕ್ತಿಯಲ್ಲಿಯೂ ಇಣುಕುತ್ತಿದ್ದ ದಿನಗಳವು. ಹೊಲೆಗೇರಿಯ ಆ ವೃದ್ಧನ ಹಿಂದೆ ಗೌಡರ ಮಕ್ಕಳೂ ಶಾನುಭೋಗರ ಮೊಮ್ಮಕ್ಕಳೂ ‘ತಾತ, ಇದೇನು? ತಾತ, ಅದೇನು?’ ಎಂದು ಕೇಳುತ್ತ ನಡೆದದ್ದನ್ನು ನಾನು ಆ ದಿನದ ಎಲ್ಲ ಲಾಭಗಳಲ್ಲಿಯೂ ಹಿರಿದೆಂದು ಎಣಿಸುತ್ತೇನೆ. ಅವನು ತೋರಿಸಿದ ಮೊದಲನೆಯ ಕಾಲುವೆಯ ಬಾಯಿಗೆ ರಸ್ತೆಯ ಮಣ್ಣು ಬಿದ್ದು, ನೀರು ಪಕ್ಕದ ಹೊಲವನ್ನು ಕೊಚ್ಚಿಕೊಂಡು ಬೇರೆ ದಾರಿ ಹಿಡಿದಿತ್ತು. ಎರಡನೆಯದರ ದಂಡೆಯಲ್ಲಿಯೇ ಊರಿನ ತಿಪ್ಪೆಗಳೂ ಸಂತೆಯ ಮೈದಾನವೂ ಇದ್ದವು. ಕೆರೆಯ ಕಸವೆಲ್ಲ ಎಲ್ಲಿಂದ ಬರುತ್ತಿತ್ತೆಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ದೊರೆಯಿತು. ಮೂರನೆಯದು ಉತ್ತು ಹೊಲದಲ್ಲಿ ಸೇರಿಹೋಗಿತ್ತು. ಅಲ್ಲಿ ಕಾಲುವೆಯಿತ್ತೆಂಬುದಕ್ಕೆ ಸಾಲಾಗಿ ನಿಂತ ಎರಡು ಹಳೆಯ ಹೊಂಗೆಮರಗಳೂ ಆ ಮುದುಕನ ನೆನಪೂ ಹೊರತು ಬೇರೆ ಸಾಕ್ಷಿಯಿರಲಿಲ್ಲ.

ಇನ್ನೂ ಮೇಲಕ್ಕೆ ಹೋದಂತೆ ಕುಂಟೆಗಳು ಸಿಕ್ಕವು. ಬೆಟ್ಟದ ಬುಡದಲ್ಲಿ ಚಿಕ್ಕ ಚಿಕ್ಕ ಕುಂಟೆಗಳನ್ನು ತೋಡಿದ್ದರ ಪ್ರಯೋಜನವನ್ನು ನೀರುಗಂಟಿ ಮಕ್ಕಳಿಗೆ ವಿವರಿಸಿದ: ಓಡುವ ನೀರು ಇಲ್ಲಿ ಒಂದು ಗಳಿಗೆ ನಿಲ್ಲುತ್ತದೆ, ಮಣ್ಣನ್ನು ಇಲ್ಲಿಯೇ ಇಳಿಸುತ್ತದೆ, ತಿಳಿಯಾಗಿ ಕೆರೆಗೆ ಹೋಗುತ್ತದೆ. ಕುಂಟೆಯ ಹೂಳನ್ನು ಒಬ್ಬನೇ ರೈತ ಒಂದು ಜೊತೆ ಎತ್ತಿನಿಂದ ತೆಗೆದುಕೊಳ್ಳಬಲ್ಲ. ಕೆರೆಗೆ ಬಿದ್ದ ಹೂಳಿಗೆ ಊರೇ ಬೇಕು. ನಾನು ಪುಸ್ತಕದಿಂದ ಓದಿ ಹೇಳುತ್ತಿದ್ದ ಮಣ್ಣಿನ ಸವೆತದ ಪಾಠವನ್ನು ಅವನು ಕಾಲಬೆರಳಿನಿಂದ ನೆಲವನ್ನು ತೋರಿಸಿ ಮುಗಿಸಿಬಿಟ್ಟ.

ಮುಂದೆ ಪ್ರತಿವರ್ಷವೂ ಎಂಟನೆಯ ತರಗತಿಯ ಮಕ್ಕಳನ್ನು ನಂದಿಬೆಟ್ಟಕ್ಕೆ ಕರೆದೊಯ್ಯುವುದು ವಾಡಿಕೆಯಾಯಿತು. ಟಿಪ್ಪುವಿನ ಕೋಟೆಯನ್ನೂ ಯೋಗನಂದೀಶ್ವರನ ಗುಡಿಯನ್ನೂ ನೋಡಿದ ಮೇಲೆ, ಸುತ್ತಣ ಸೀಮೆಯೆಲ್ಲ ಕಾಣುವ ಒಂದು ಬಂಡೆಯ ಮೇಲೆ ಕುಳಿತು ನಕ್ಷೆಯನ್ನು ಹರಡುತ್ತಿದ್ದೆವು. ಈ ಬೆಟ್ಟದ ಸಾಲಿನ ಸುತ್ತಲೂ ಹುಟ್ಟುವ ನೀರಿನ ದಾರಿಗಳು ಅಚ್ಚರಿಯವು. ಒಂದು ಕಡೆಗೆ ಬಿದ್ದ ಮಳೆ ಅರ್ಕಾವತಿಯಾಗಿ ರಾಮನಗರ ಕನಕಪುರಗಳ ಮೇಲೆ ಹರಿದು ಸಂಗಮದಲ್ಲಿ ಕಾವೇರಿಯನ್ನು ಸೇರಿ ಪೂಂಪುಹಾರಿನಲ್ಲಿ ಸಮುದ್ರವನ್ನು ಕಾಣುತ್ತದೆ. ಮತ್ತೊಂದು ಕಡೆಯದು ಉತ್ತರ ಪಿನಾಕಿನಿಯಾಗಿ ಆಂಧ್ರದ ಒಣನೆಲವನ್ನು ದಾಟಿ ನೆಲ್ಲೂರಿನ ಬಳಿ ಕಡಲಿಗಿಳಿಯುತ್ತದೆ. ಇನ್ನೊಂದು ದಕ್ಷಿಣ ಪಿನಾಕಿನಿಯಾಗಿ ತಮಿಳುನಾಡಿನ ಕಡಲೂರಿನ ಕಡೆಗೆ ಸಾಗುತ್ತದೆ. ಒಂದೇ ಮೋಡದಿಂದ ಜೊತೆಯಾಗಿ ಬಿದ್ದ ಹನಿಗಳು ನೂರಾರು ಮೈಲಿ ಅಂತರದ ಊರುಗಳನ್ನು ಸೇರುವುದನ್ನು ಅಲ್ಲಿ ಕುಳಿತು ಊಹಿಸಿಕೊಂಡ ಮಗುವಿಗೆ ಜಲಾನಯನ ಪ್ರದೇಶವೆಂಬುದರ ಅರ್ಥವನ್ನು ಬೇರೆ ಹೇಳಬೇಕಾಗಿರಲಿಲ್ಲ. ಒಬ್ಬ ಹುಡುಗಿ ತನ್ನ ಬುತ್ತಿಯ ಕಾಗದವನ್ನು ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತ, “ಸಾರ್, ಇಲ್ಲಿ ಬಿಸಾಕಿದರೆ ಯಾವ ರಾಜ್ಯಕ್ಕೆ ಹೋಗುತ್ತದೆ?” ಎಂದು ಕೇಳಿದಳು. ಆ ಪ್ರಶ್ನೆ ನನ್ನ ಕಿವಿಯಲ್ಲಿ ಇಂದಿಗೂ ಇದೆ.

ಶಾಲೆಯಲ್ಲಿ ಮಳೆಯನ್ನು ಅಳೆದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಸಿದೆ. ಒಂದು ಎಕರೆ ನೆಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40,000 ಲೀಟರ್ ನೀರಾಗುತ್ತದೆಂಬುದನ್ನು ಮಕ್ಕಳೇ ಗುಣಿಸಿ ಕಂಡುಕೊಂಡಾಗ, ಟ್ಯಾಂಕರಿನ ನೀರಿಗೆ ಕೊಡ ಹಿಡಿದು ಕಾದ ಅನುಭವವಿದ್ದ ಅವರಿಗೆ ತಮ್ಮ ಲೆಕ್ಕದ ಮೇಲೆಯೇ ನಂಬಿಕೆ ಹುಟ್ಟದೆ ಮತ್ತೆ ಮತ್ತೆ ಗುಣಿಸಿ ನೋಡಿದರು. ಇಟಲಿಯ ಪಾದ್ರಿಯೂ ಖಗೋಳಶಾಸ್ತ್ರಜ್ಞನೂ ಆಗಿದ್ದ ಸೆಕ್ಕಿ ಎಂಬಾತ 1865ರಲ್ಲಿ ಬಿಳಿಯ ತಟ್ಟೆಯೊಂದನ್ನು ಸಮುದ್ರಕ್ಕೆ ಇಳಿಬಿಟ್ಟು, ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿತನವನ್ನು ಅಳೆದನಷ್ಟೆ. ನಾವು ಊಟದ ತಟ್ಟೆಗೆ ಬಿಳಿಯ ಬಣ್ಣ ಬಳಿದು, ಗಂಟು ಹಾಕಿದ ಹಗ್ಗಕ್ಕೆ ಕಟ್ಟಿ, ತೂಬಿನ ಕಲ್ಲಿನ ಮೇಲೆ ನಿಂತು ಅದನ್ನೇ ಮಾಡಿದೆವು. ಅಂಚಿನ ಕೆಸರನ್ನು ಜರಡಿಯಲ್ಲಿ ತೊಳೆದು ಹುಳುಗಳನ್ನು ನೋಡಿದೆವು. ಏರೋಪ್ಲೇನ್ ಚಿಟ್ಟೆಯ ಮರಿಗಳು ಬಗೆಬಗೆಯಾಗಿ ಸಿಕ್ಕ ಮೂಲೆಯ ನೀರು ಉಸಿರುಳ್ಳದ್ದು. ದಾರದಂಥ ಕೆಂಪು ಹುಳುಗಳಲ್ಲದೆ ಬೇರೇನೂ ಸಿಗದ ಮೂಲೆಗೆ ಎಲ್ಲಿಂದಲೋ ಕೊಳಚೆ ಸೇರುತ್ತಿದೆ. ಪ್ರಯೋಗಶಾಲೆಯ ಸಲಕರಣೆಯಿಲ್ಲದ ಶಾಲೆಯೂ ಮಾಡಬಹುದಾದ ಪರೀಕ್ಷೆಗಳಿವು.

ನೀರುಗಂಟಿ ತೋರಿಸಿದ ಕಾಲುವೆಗಳಲ್ಲಿ ಮೊದಲ ಎರಡನ್ನು ನಾವು ಬಿಡಿಸಿದೆವು. ಆದರೆ ಅಷ್ಟು ಮಾತ್ರಕ್ಕೆ ಅರ್ಕಾವತಿ ಮತ್ತೆ ಹರಿಯಲಿಲ್ಲ. ಹೆಸರಘಟ್ಟ ಒಣಗಿತು, ತಿಪ್ಪಗೊಂಡನಹಳ್ಳಿಗೆ ಬರುವ ನೀರು ವರ್ಷವರ್ಷಕ್ಕೂ ಇಳಿಯಿತು, 1974ರಲ್ಲಿ ಕಾವೇರಿಯ ನೀರು ಬಂದ ಮೇಲೆ ನಗರವು ತನ್ನ ಹಳೆಯ ನದಿಯನ್ನು ಕ್ರಮೇಣ ಮರೆಯಿತು. ಮಳೆಯೇ ಕಡಿಮೆಯಾಯಿತೆಂದು ಊರಿನ ಕಟ್ಟೆಯ ಮೇಲೆ ಹಿರಿಯರು ಹೇಳುತ್ತಿದ್ದರು. ಮಕ್ಕಳ ಮಳೆಯ ಪುಸ್ತಕ ಹಾಗೆ ಹೇಳುತ್ತಿರಲಿಲ್ಲ. ಬೆಂಗಳೂರಿನ ಏಟ್ರೀ ಸಂಸ್ಥೆಯ ವಿದ್ವಾಂಸರು 2015ರಲ್ಲಿ ಪ್ರಕಟಿಸಿದ ಅಧ್ಯಯನವೂ ಮಳೆಯ ಮೇಲೆ ದೋಷವನ್ನು ಹೊರಿಸದೆ, ಅಂತರ್ಜಲವನ್ನು ಮಿತಿಮೀರಿ ಎತ್ತಿದ್ದನ್ನೂ ನೀಲಗಿರಿಯ ತೋಪುಗಳು ಹಬ್ಬಿದ್ದನ್ನೂ ನದಿ ಬತ್ತಿದುದರ ಮುಖ್ಯ ಕಾರಣಗಳೆಂದು ತೋರಿಸಿಕೊಟ್ಟಿತು. ಹಿಂದೆ ನೆಲದ ನೀರು ಮೇಲುಮಟ್ಟದಲ್ಲಿದ್ದಾಗ ಹಳ್ಳದ ಮರಳಿನಲ್ಲಿ ಒರತೆ ತೋಡಿದರೆ ನೀರು ಸಿಗುತ್ತಿತ್ತು. ಅದು ನೂರಾರು ಅಡಿ ಕೆಳಕ್ಕೆ ಇಳಿದ ಮೇಲೆ, ಹಳ್ಳಕ್ಕೆ ಬಿದ್ದ ಮಳೆಯನ್ನು ನೆಲವೇ ಹೀರಿಕೊಳ್ಳುತ್ತದೆ, ಮುಂದಕ್ಕೆ ಹರಿಯಲು ಉಳಿಯುವುದು ಅತ್ಯಲ್ಪ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದಾಗ ನಾನು ನಿವೃತ್ತನಾಗಿದ್ದೆ. ಆ ಮರವನ್ನು ನೆಟ್ಟ ರೈತರನ್ನು ನಾನು ಎಂದೂ ದೂಷಿಸಲಾರೆ. ರಾಗಿಯ ಬೆಲೆಯೂ ಕೂಲಿಯ ಅಭಾವವೂ ಅವರನ್ನು ಆ ಕಡೆಗೆ ತಳ್ಳಿದವು, ನೆಡಿರೆಂದು ಹೇಳಿದವರೂ ಬಹಳ ಮಂದಿ ಇದ್ದರು.

ಕೆಳಗಡೆಯ ಪಟ್ಟಣದ ಒಳಚರಂಡಿಯ ನೀರು ನೆರೆಯ ಕೆರೆಗಳಿಗೆ ಇಳಿಯತೊಡಗಿದ ಮೇಲೆ, ಅಲ್ಲಿಯೂ ನಿಮ್ಮ ಮಕ್ಕಳಿಂದ ಸ್ವಚ್ಛತಾ ಕಾರ್ಯ ಮಾಡಿಸಿ ಎಂಬ ಕೋರಿಕೆ ಬಂದಿತು. ನಾನು ಒಪ್ಪಲಿಲ್ಲ. ಒಣಗಿದ ಅಂಗಳದ ಕಸವನ್ನು ಕೈಗವಸು ತೊಟ್ಟು ಆರಿಸುವುದು ಶ್ರಮದಾನ. ಕೊಳಚೆಗೂ ಕಾರ್ಖಾನೆಯ ರಾಸಾಯನಿಕಕ್ಕೂ ಎಳೆಯರನ್ನು ಇಳಿಸುವುದು ಅನ್ಯಾಯ. ಜಲಮಾಲಿನ್ಯವನ್ನು ತಡೆಯುವ ಕಾನೂನು 1974ರಿಂದಲೂ ನಮ್ಮಲ್ಲಿದೆ. ಅದನ್ನು ನಡೆಸಬೇಕಾದವರ ಹೊಣೆಯನ್ನು ಹದಿಮೂರು ವರ್ಷದ ಮಗುವಿನ ಹೆಗಲಿಗೆ ಹೊರಿಸಬಾರದು. ಅದರ ಬದಲು ಮಕ್ಕಳು ಹುಳುಗಳ ಪಟ್ಟಿಯನ್ನೂ ತಟ್ಟೆಯ ಅಳತೆಯನ್ನೂ ಬರೆದು, ಗ್ರಾಮಸಭೆಯಲ್ಲಿ ನಿಂತು ಓದಿದರು. ಓದುವಾಗ ಅವರ ಧ್ವನಿ ನಡುಗುತ್ತಿತ್ತು. ಸಭೆ ಮಾತ್ರ ಕೊನೆಯವರೆಗೂ ಸದ್ದಿಲ್ಲದೆ ಕೇಳಿತು.

ಗಣೇಶನ ಹಬ್ಬಕ್ಕೆ ಕೆರೆಯ ಗೋಡುಮಣ್ಣಿನಿಂದಲೇ, ಬಣ್ಣವಿಲ್ಲದೆ, ಮಕ್ಕಳು ಮೂರ್ತಿ ಮಾಡಿ ಅದೇ ಕೆರೆಯಲ್ಲಿ ಬಿಡುವ ಪದ್ಧತಿಯೂ ಆ ವರ್ಷಗಳಲ್ಲಿ ಬಂದದ್ದು. ಈಗಲೂ ನಡೆದಿದೆಯೆಂದು ಕೇಳಿ ಸಂತೋಷಪಡುತ್ತೇನೆ.

2022ರ ಮಳೆಗಾಲದಲ್ಲಿ ಬಯಲುಸೀಮೆಯ ಅನೇಕ ಕೆರೆಗಳಂತೆ ನಮ್ಮೂರಿನ ಕೆರೆಯೂ ತುಂಬಿ ಕೋಡಿ ಬಿದ್ದಿತು. ನೀರುಗಂಟಿ ಕಾಲವಾಗಿ ಬಹಳ ವರ್ಷಗಳಾಗಿದ್ದವು. ಊರಿನವರು ಬಾಗಿನ ಕೊಡುವ ದಿನ ನನ್ನನ್ನೂ ಕರೆಸಿದ್ದರು. ಅಂದು ಬೆಟ್ಟದ ಮೇಲೆ ಆ ಪ್ರಶ್ನೆ ಕೇಳಿದ ಹುಡುಗಿ ಈಗ ಪಕ್ಕದ ಹೋಬಳಿಯಲ್ಲಿ ಉಪಾಧ್ಯಾಯಿನಿ. ತನ್ನ ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಅವರನ್ನು ಕೋಡಿಯ ಬಳಿ ಬಹಳ ಹೊತ್ತು ನಿಲ್ಲಗೊಡದೆ, ಛತ್ರಿ ಬಿಡಿಸಿಕೊಂಡು ಕಾಲುವೆಗಳ ಕಡೆಗೆ ನಡೆಸಿದಳು. ಮೊದಲ ಎರಡು ಕಾಲುವೆಗಳಲ್ಲಿ ನೀರು ಬರುತ್ತಿತ್ತು. ಹೊಲದಲ್ಲಿ ಸೇರಿಹೋಗಿದ್ದ ಮೂರನೆಯದರ ಜಾಗದಲ್ಲಿ ಈಗ ನಿವೇಶನಗಳ ಕಲ್ಲು ನೆಟ್ಟಿದ್ದಾರೆ. ಹೊಂಗೆಯ ಮರಗಳಲ್ಲಿ ಒಂದು ಉಳಿದಿದೆ. ಮಕ್ಕಳು ಆ ಮರದ ಕೆಳಗೆ ನಿಂತು, ನಿವೇಶನಗಳ ನಡುವೆ ಮೊಣಕಾಲುದ್ದ ನಿಂತಿದ್ದ ನೀರನ್ನು ತಮ್ಮ ಪುಸ್ತಕದಲ್ಲಿ ಗುರುತು ಮಾಡಿಕೊಂಡರು. ಹಳೆಯ ಗ್ರಾಮನಕ್ಷೆಯಲ್ಲಿ ಆ ಕಾಲುವೆ ಸ್ಪಷ್ಟವಾಗಿದೆ. ಅದರ ಪ್ರತಿಯನ್ನೂ ಮಕ್ಕಳ ಗುರುತುಗಳನ್ನೂ ಸೇರಿಸಿ ಅವಳು ತಹಸೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾಳೆ. ಭೂಮಾಪಕರು ಅಳತೆಗೆ ಬರುವ ದಿನ ನೀರುಗಂಟಿಯ ಮೊಮ್ಮಗನೂ ನಾನೂ ಅಲ್ಲಿರಬೇಕೆಂದು ಹೇಳಿ ಕಳುಹಿಸಿದ್ದಾಳೆ. ಬರುತ್ತೇನೆಂದು ಉತ್ತರ ಬರೆದಿದ್ದೇನೆ.